ಸ್ಮಾರಕ ನೋಡಲು ಬರುವ ಮುನ್ನ

ಬುಧವಾರ, ಮಧ್ಯಾಹ್ನ
ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಿಂದ

ನನ್ನ ಗುಬ್ಬಿಗೆ ಅಮ್ಮನ ಪ್ರೀತಿ.

ನೀನು, ಅಳಿಯಂದಿರು, ನಿನ್ನ ಅತ್ತೆ ಮಾವ ಎಲ್ಲರೂ ಶನಿವಾರ ಬರುತ್ತೀರಿ ಎಂದು ಗೊತ್ತಾದ ಕೂಡಲೇ ಅಪ್ಪ ನೀಲಿ ಕೋಟನ್ನು ಹೊರಗೆ ತೆಗೆದರು. ಅದಕ್ಕೆ ಈಗಾಗಲೇ ಇಸ್ತ್ರಿಯಾಗಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿಯೂ ಆಗಿದೆ. ಹೋಗುತ್ತಾ ಬರುತ್ತಾ ಅದರ ತೋಳನ್ನೊಮ್ಮೆ ಸವರುತ್ತಾರೆ. "ಬೀಗರಿಗೆ ನಾನೇ ತೋರಿಸ್ಬೇಕಂತೆ. ಬೇರೆ ಗೈಡ್ ಬೇಡ್ವಂತೆ. ನನ್ನ ಮಗಳೇ ಹೇಳಿದ್ಲು" ಎಂದು ಹಾಲಿನವನಿಗೆ ಹೇಳಿದರು, ಕೆಳಗಿನ ಮನೆಯ ದರ್ಜಿಗೆ ಹೇಳಿದರು, ನನಗಂತೂ ಎಷ್ಟು ಸಲ ಹೇಳಿದರೋ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎನ್ನುತ್ತೀಯ. ನಾನು ಫೋನ್ ಕಿವಿಗಿಟ್ಟರೆ ಸಾಕು, ಅಪ್ಪ ಪಕ್ಕದಲ್ಲಿ ಬಂದು ನಿಂತು "ನಂಗೂ ಕೊಡು" ಎಂದು ಕೈ ಚಾಚುವುದು ನಿನಗೆ ಗೊತ್ತು. ಅವರ ಎದುರಿಗೆ ಹೇಳಲಾಗದ ಮಾತುಗಳಿವೆ. ಅದಕ್ಕೇ ನೀನು ಕೆಲಸ ಮಾಡುವ ಗ್ರಂಥಾಲಯದ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಅಲ್ಲಿ ಒಬ್ಬಳೇ ಕೂತು ಓದು.

ಮೊದಲು ನೋಡುವ ವಿಷಯ ಮುಗಿಸಿಬಿಡುತ್ತೇನೆ. ನೀನು ಇದೇ ಊರಲ್ಲಿ ಬೆಳೆದವಳು, ನಿಜ. ಆದರೆ ನಿನಗೆ ಸ್ಮಾರಕವೆಂದರೆ ಅಪ್ಪನ ಕೆಲಸದ ಜಾಗ, ಕೊಳದಲ್ಲಿ ಕಾಲು ಇಳಿಬಿಟ್ಟು ಕಾವಲುಗಾರನಿಂದ ಬೈಸಿಕೊಂಡ ಜಾಗ. ಬೇರೆಯವರನ್ನು ಕರೆತಂದು ತೋರಿಸುವುದು ಬೇರೆಯದೇ ಕೆಲಸ.

ಬಾಗಿಲು ತೆರೆಯುವ ಹೊತ್ತಿಗೇ ಬಂದುಬಿಡಿ. ಬಿಸಿಲೇರಿದ ಮೇಲೆ ಬಸ್ಸುಗಳು ಬಂದು ಜನರನ್ನು ಸುರಿಯುತ್ತವೆ. ಆಮೇಲೆ ಗೋಡೆ ನೋಡುವ ಬದಲು ಮುಂದಿನವರ ಕತ್ತು ನೋಡುತ್ತಾ ನಡೆಯಬೇಕು. ಮುಂಬಾಗಿಲು ಬೇಡ, ಕೊಳದ ಕಡೆಯ ಬಾಗಿಲಿಗೆ ಬನ್ನಿ, ಅಲ್ಲಿ ಸಾಲು ಚಿಕ್ಕದು. ದೊಡ್ಡ ಚೀಲಗಳನ್ನು ಒಳಗೆ ಬಿಡುವುದಿಲ್ಲ, ಮನೆಯಲ್ಲೇ ಇಟ್ಟು ಬನ್ನಿ. ಗೋಪುರದ ಮೆಟ್ಟಿಲು ಜನರ ಕಾಲಿಗೆ ಸವೆದು ಸವೆದು ಕನ್ನಡಿಯಂತಾಗಿದೆ. ನಿನ್ನ ಅತ್ತೆಯವರಿಗೆ ರಬ್ಬರ್ ಅಡಿಯ ಚಪ್ಪಲಿ ಹಾಕಿಸು. ಹತ್ತುವ ಮೊದಲು ಎಲ್ಲರೂ ಶೌಚಾಲಯಕ್ಕೆ ಹೋಗಿ ಬರಲಿ, ಮೇಲೆ ಏನೂ ಇಲ್ಲ. ಇದನ್ನು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ, ಆದರೆ ತುದಿ ಮುಟ್ಟಿದವರು ಮೊದಲು ಕೇಳುವುದು ಅದನ್ನೇ ಎಂದು ಅಪ್ಪ ನಗುತ್ತಿದ್ದರು. ಅಲ್ಲಿ ತುದಿಯಲ್ಲಿ ಗಾಳಿ ಶಾಲು, ಟೋಪಿ ಯಾವುದನ್ನೂ ಬಿಡುವುದಿಲ್ಲ, ಕೈಯಲ್ಲಿ ಹಿಡಿದುಕೊಳ್ಳಿ. ಹೊರಗೆ ಮಾರುವ ಹಿತ್ತಾಳೆಯ ಪುಟ್ಟ ಸ್ಮಾರಕವನ್ನು ಮಾತ್ರ ಕೊಳ್ಳಬೇಡಿ. ವಾರದೊಳಗೆ ಅದರ ತುದಿ ಮುರಿದು, ಹೊಗೆ ಕೊಳವೆಯ ಹಾಗೆ ಕಾಣುತ್ತದೆ.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಹೆಸರುಗಳ ಮಂಟಪದಲ್ಲಿ ಇರುವಂತೆ ನೋಡಿಕೋ. ಮೇಲಿನ ಕಿಂಡಿಯಿಂದ ಬಿಸಿಲು ನೇರವಾಗಿ ಇಳಿದಾಗ, ಯುದ್ಧದಲ್ಲಿ ಸತ್ತವರ ಹೆಸರುಗಳೆಲ್ಲ ಒಂದು ಗಳಿಗೆ ಕಲ್ಲಿನಿಂದ ಎದ್ದು ನಿಂತ ಹಾಗಿರುತ್ತದೆ. ಆಗ ಯಾರೂ ಮಾತಾಡಬೇಡಿ. ಅಪ್ಪನೂ ಮಾತಾಡುವುದಿಲ್ಲ. ಇಡೀ ದಿನದಲ್ಲಿ ಅವರ ಬಾಯಿ ಸುಮ್ಮನಿರುವುದು ಅಷ್ಟು ಹೊತ್ತೇ.

ನಿನ್ನ ಮಾವನವರ ಚಿಕ್ಕಪ್ಪನ ಹೆಸರೂ ಆ ಗೋಡೆಯ ಮೇಲಿದೆ, ಅದನ್ನು ಒಮ್ಮೆ ಮುಟ್ಟಿ ನೋಡಬೇಕೆಂಬುದು ಅವರ ಆಸೆ ಎಂದಿದ್ದೆಯಲ್ಲ. ಅದು ಒಳಬಾಗಿಲಿನ ಎಡಗಡೆ, ಕಂಚಿನ ದೀಪದ ಪಕ್ಕದ ಸಾಲಿನಲ್ಲಿ, ಹೆಚ್ಚುಕಡಿಮೆ ನಿನ್ನ ಹೆಗಲಿನ ಎತ್ತರಕ್ಕೆ ಇದೆ. ಇದನ್ನು ನೀನು ಮನಸ್ಸಿನಲ್ಲಿಟ್ಟುಕೋ. "ನಾನು ತೋರಿಸ್ತೀನಿ" ಎಂದು ಅಪ್ಪ ಬೇರೆ ಗೋಡೆಯ ಕಡೆ ಹೊರಟರೆ, ನೀನು ಆ ದೀಪದ ಹತ್ತಿರ ಹೋಗಿ ಏನಾದರೊಂದು ಪ್ರಶ್ನೆ ಕೇಳು. ಅವರು ಅಲ್ಲಿಗೆ ಬರುತ್ತಾರೆ. ಹೆಸರು ಅವರ ಕಣ್ಣಿಗೇ ಮೊದಲು ಬೀಳಲಿ.

ಟಿಕೆಟ್ ನೀನೇ ಮೊದಲೇ ಮೊಬೈಲಿನಲ್ಲಿ ತೆಗೆದಿಟ್ಟುಕೋ, ಅಪ್ಪನದೂ ಸೇರಿಸಿ. "ನಮ್ಮೋರಿಗೆಲ್ಲ ಟಿಕೆಟ್ ಯಾಕೆ" ಎಂದು ಅವರು ಮುಂದೆ ನುಗ್ಗುತ್ತಾರೆ. ನುಗ್ಗಲಿ. ಹಿಂದಿನಿಂದ ನೀನು ಕಾವಲುಗಾರನಿಗೆ ಮೊಬೈಲ್ ತೋರಿಸು. ಅವನು ಅಪ್ಪನಿಗೊಂದು ಸಲಾಮು ಹೊಡೆದು ಒಳಗೆ ಬಿಡುತ್ತಾನೆ. ಕೋಟಿನ ಮೇಲೆ ಗೈಡ್ ಬಿಲ್ಲೆ ಇರುವುದಿಲ್ಲ. ಎಲ್ಲಿ ಹೋಯಿತು ಎಂದು ನೀನು ಕೇಳಬೇಡ, ಅಳಿಯಂದಿರಿಗೂ ಮೊದಲೇ ಹೇಳಿಡು.

ಇದನ್ನು ಸಣ್ಣ ಮಾತು ಎಂಬ ಹಾಗೆ ಬರೆದು ಮುಂದೆ ಹೋಗೋಣವೆಂದುಕೊಂಡಿದ್ದೆ. ಆಗುತ್ತಿಲ್ಲ ಗುಬ್ಬಿ. ಅಪ್ಪ ಈಗ ಗೈಡ್ ಅಲ್ಲ. ಅವರಿಗೆ ಮಂಡಿನೋವು, ರಜೆಯಲ್ಲಿದ್ದಾರೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಅವರ ಮಂಡಿ ನನ್ನದಕ್ಕಿಂತ ಗಟ್ಟಿಯಾಗಿದೆ. ಬಿಲ್ಲೆಯನ್ನು ಕಚೇರಿಯವರು ವಾಪಸ್ ತೆಗೆದುಕೊಂಡರು. ಅವರಿಗೆ ಮರೆವಿನ ಕಾಯಿಲೆ.

ಮೊದಮೊದಲು ನಾನು ಕಣ್ಣಿನ ತೊಂದರೆ ಎಂದುಕೊಂಡೆ. ಇಷ್ಟು ವರ್ಷ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿದವಳಿಗೆ ಜಗತ್ತಿನ ಎಲ್ಲ ಕಷ್ಟವೂ ಕಣ್ಣಿನದೇ ಎನಿಸುತ್ತದೆ. ಎಡವಿದರೆ ಕಣ್ಣು, ಬಸ್ಸು ತಪ್ಪಿದರೆ ಕಣ್ಣು, ಪಕ್ಕದ ಮನೆಯವರನ್ನು ಗುರುತು ಹಿಡಿಯದಿದ್ದರೂ ಕಣ್ಣು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ಮಾಡಿಸಿದೆ, ಹೊಸ ಲೆನ್ಸ್ ಹಾಕಿಸಿದೆ. ಸ್ವಲ್ಪ ದಿನ ಬಿಟ್ಟು ಮತ್ತೆ ಪವರ್ ನೋಡಿಸಿದೆ. ನಮ್ಮ ಅಂಗಡಿಯ ಯಜಮಾನರು, "ಮೇಡಂ, ಸಾರ್ ಕಣ್ಣು ಚೆನ್ನಾಗಿದೆ. ನೀವೇ ಸುಮ್ನೆ ಲೆನ್ಸ್ ಬದಲಾಯಿಸ್ತಿದೀರ" ಎಂದರು. ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಸಿಟ್ಟು ಬಂದಿದ್ದು.

ಆಮೇಲೆ ಆ ಶಾಲೆಯ ಮಕ್ಕಳ ದಿನ ಬಂತು. ಬೆಳಿಗ್ಗೆಯೇ, ಇವತ್ತು ಪುಟ್ಟ ಪುಟ್ಟ ಮಕ್ಕಳ ಗುಂಪು ಇದೆ, ಅವರಿಗೆ ತಮಾಷೆ ಜಾಸ್ತಿ ಸೇರಿಸಬೇಕು ಎಂದು ಹೇಳಿ ಹೋಗಿದ್ದರು. ಇನ್ನೂ ಬಿಸಿಲು ಏರಿರಲಿಲ್ಲ, ಅಂಗಡಿಯ ಬಾಗಿಲಲ್ಲಿ ಬಂದು ನಿಂತರು. ಕೋಟಿನ ಒಂದು ಗುಂಡಿ ಕೈಯಲ್ಲಿತ್ತು. "ಲೇ, ಇದೊಂದು ಹೊಲಿದು ಕೊಡು" ಎಂದರು. ನಾನು ಟೀ ತರಿಸಿದೆ, ದಾರ ಪೋಣಿಸಿದೆ. ಅರ್ಧ ಹೊಲಿಯುವಾಗ ನೆನಪಾಗಿ, "ಮಕ್ಕಳ ಗುಂಪು ಇಷ್ಟು ಬೇಗ ಮುಗೀತಾ?" ಎಂದು ಕೇಳಿದೆ.

"ಯಾವ ಮಕ್ಳು?" ಎಂದರು. ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಸೂಜಿಯನ್ನು ಕೋಟಿನಲ್ಲೇ ಬಿಟ್ಟು ಓಡಿದೆ. ಕೊಳದ ಬಾಗಿಲಿಗೆ ಬರುವಷ್ಟರಲ್ಲಿ ಮಕ್ಕಳು ಕೆಳಗೆ ಇಳಿದಿದ್ದರು. ಕೆಲವು ಅಳುತ್ತಿದ್ದವು. ಅವರ ಟೀಚರ್ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಿದ್ದಳು, ಯಾರೋ ನೀರು ಕೊಡುತ್ತಿದ್ದರು. ಅಪ್ಪ ಮಕ್ಕಳನ್ನು ಗೋಪುರದ ತುದಿಗೆ ಹತ್ತಿಸಿ, ಅಲ್ಲಿ ನಿಂತು ಕಥೆ ಶುರುಮಾಡಿ, ನಡುವಿನಲ್ಲಿ ಸುಮ್ಮನೆ ಕೆಳಗಿಳಿದು ಬಂದಿದ್ದರು. ಗೈಡ್ ವಾಪಸ್ ಬರಬಹುದೆಂದು ಟೀಚರ್ ಕಾದಿದ್ದಳಂತೆ. ಅಷ್ಟರಲ್ಲಿ ಒಂದು ಮಗು ಕಟಕಟೆಯ ಮೇಲೆ ಹತ್ತಿ ಕೂತು, ಕಾಲು ಆ ಕಡೆ ಹಾಕಿತ್ತಂತೆ.

ಆ ಮಗುವನ್ನು ಇಳಿಸಿಕೊಂಡಿದ್ದು ಮೀಸೆ ಮಾಮ.

ನಿನ್ನ ಮೀಸೆ ಮಾಮ ಎಂಥವರು ಎಂದು ನಿನಗೆ ನಾನು ಹೇಳಬೇಕೇ? ಅಪ್ಪನೂ ಅವರೂ ಒಂದೇ ದಿನ ಬಿಲ್ಲೆ ಚುಚ್ಚಿಕೊಂಡ ಗೈಡುಗಳು. ಭಾನುವಾರ ನಮ್ಮ ಮನೆಯ ಇಸ್ಪೀಟಿಗೆ ಅವರಿಲ್ಲದೆ ಎಲೆ ಹಂಚಿದ್ದೇ ಇಲ್ಲ. ಆ ದಿನ ಅವರು ಟೀಚರ್‌ಗೆ, ಗೈಡ್‌ಗೆ ತಲೆಸುತ್ತು ಬಂತು, ಅದಕ್ಕೇ ನನ್ನನ್ನು ಕಳಿಸಿದ ಎಂದು ಹೇಳಿ ಸಮಾಧಾನ ಮಾಡಿದ್ದರು. ಆಮೇಲೆ ನನ್ನನ್ನು ಮರದ ಕೆಳಗೆ ಕರೆದು, "ಅತ್ತಿಗೆ, ಯಾರಿಗೂ ಹೇಳ್ಬೇಡಿ. ನಾನು ನೋಡ್ಕೋತೀನಿ" ಎಂದರು. ಅವರು ತುಂಬ ದಿನದಿಂದಲೂ ನೋಡಿಕೊಳ್ಳುತ್ತಿದ್ದರು ಎಂಬುದು ಆಗ ನನಗೆ ತಿಳಿಯಿತು. ಅಪ್ಪನ ಗುಂಪಿನ ಹಿಂದೆ ಸ್ವಲ್ಪ ದೂರದಲ್ಲಿ ತಾವೂ ನಡೆಯುತ್ತಿದ್ದರು. ಅಪ್ಪ ದಾರಿ ತಪ್ಪಿದರೆ ಎದುರಿಗೆ ಬಂದು, "ಏನಯ್ಯಾ, ಆ ಕಡೆ ಬಾಗಿಲು ಹಾಕಿದಾರೆ, ಈ ಕಡೆ ಬಾ" ಎನ್ನುತ್ತಿದ್ದರು. ತಮ್ಮ ಗುಂಪುಗಳನ್ನು ಎಷ್ಟೋ ಸಲ ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು.

ನಾನು ಅವರಿಗೆ ಸರಿ ಎಂದೆ. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಸ್ಮಾರಕದ ಕಚೇರಿಗೆ ಹೋದೆ.

ಕಟಕಟೆಯ ಮೇಲಿನ ಆ ಮಗುವಿನ ಕಾಲು ನನ್ನ ಕಣ್ಣಿಂದ ಹೋಗಿರಲಿಲ್ಲ. ಮೀಸೆ ಮಾಮ ಒಂದು ದಿನ ರಜೆ ಹಾಕಿದರೆ? ಅವರಿಗೇ ಜ್ವರ ಬಂದರೆ? ಹೇಳಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಹೇಳಿದ ರೀತಿ ಇದೆಯಲ್ಲ, ಅದು ನನ್ನನ್ನು ತಿನ್ನುತ್ತಿದೆ.

ಅಲ್ಲಿಯ ಅಧಿಕಾರಿ ನಿನ್ನ ವಯಸ್ಸಿನ ಹೆಂಗಸು. ನನಗೆ ಕುರ್ಚಿ ಕೊಟ್ಟು, ಪೂರ್ತಿ ಕೇಳಿಸಿಕೊಂಡಳು. "ನೀವು ಬಂದು ಹೇಳಿದ್ದು ಒಳ್ಳೇದಾಯ್ತಮ್ಮ. ಅವರನ್ನ ಡಾಕ್ಟರ್ ಹತ್ರ ಕಳಿಸೋ ವ್ಯವಸ್ಥೆ ನಾವೇ ಮಾಡ್ತೀವಿ. ಆದ್ರೆ ಯಾರು ಹೇಳಿದ್ದು ಅಂತ ಅವರು ಕೇಳೇ ಕೇಳ್ತಾರೆ" ಎಂದಳು.

"ನನ್ನ ಹೆಸರೊಂದು ಬೇಡ" ಎಂದೆ.

"ಹಾಗಾದ್ರೆ, ಒಳಗಿನವರೇ ಯಾರೋ ಹೇಳಿದ್ರು ಅಂತೀನಿ."

ನಾನು ತಲೆಯಾಡಿಸಿದೆ. ಒಳಗಿನವರು ಎಂದರೆ ಅಪ್ಪ ಯಾರನ್ನು ಎಣಿಸುತ್ತಾರೆ ಎಂದು ನನಗೆ ಹೊಳೆಯಲಿಲ್ಲವೆಂದು ನಿನಗೆ ಬರೆದುಬಿಡಬಹುದಿತ್ತು. ಹೊಳೆದಿತ್ತು, ಗುಬ್ಬಿ. ದಿನವೂ ಅವರ ಹಿಂದೆ ಹಿಂದೆ ನಡೆಯುವವರು ಯಾರು? ಮೀಸೆ ಮಾಮನ ಮುಖ ನನ್ನ ಕಣ್ಣ ಮುಂದೆ ಬಂತು. ಬಂದರೂ ತಲೆಯಾಡಿಸಿದೆ.

ಬಿಲ್ಲೆ ತೆಗೆದುಕೊಂಡ ದಿನ ಅಪ್ಪ ಮನೆಗೆ ಬಂದು ಕುರ್ಚಿಯ ಮೇಲೆ ಕೂತು, ಕೋಟಿನ ಆ ಜಾಗವನ್ನು ಉಗುರಿನಿಂದ ಕೆರೆಯುತ್ತಿದ್ದರು. ಇಷ್ಟು ವರ್ಷ ಪಿನ್ನು ಚುಚ್ಚಿ ಚುಚ್ಚಿ ಅಲ್ಲಿ ಸಣ್ಣ ತೂತಾಗಿದೆ. ನನಗೆ ಸಂಕಟವೂ ಆಯಿತು, ಜೊತೆಗೆ ಹಗುರವೂ ಆಯಿತು. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ. ಇದನ್ನು ಬರೆಯುವಾಗ ಕೈ ನಾಚುತ್ತಿದೆ.

ಮಾರನೇ ದಿನ ಅವರು ಗೈಡುಗಳ ಕೋಣೆಗೆ ಹೋಗಿ, ಎಲ್ಲರ ಎದುರಿಗೆ ಮೀಸೆ ಮಾಮನ ಕೊರಳಪಟ್ಟಿ ಹಿಡಿದರಂತೆ. "ನನ್ನ ಗುಂಪು ಕಿತ್ಕೊಳ್ಳೋಕೆ ಬೆನ್ನ ಹಿಂದೆ ಬೇಹುಗಾರಿಕೆ ಮಾಡ್ತಿದ್ಯಾ? ನನ್ನ ಮನೇಲಿ ಕೂತು ಉಂಡವನು ನೀನು!" ಎಂದರಂತೆ. ತಳ್ಳಾಟದಲ್ಲಿ ಮೀಸೆ ಮಾಮನ ಕನ್ನಡಕ ಕೆಳಗೆ ಬಿತ್ತು. ಇಷ್ಟನ್ನೂ ಅಪ್ಪ ಸಂಜೆ ನನಗೆ ಹೇಳಿದರು, ಏನೋ ಗೆದ್ದು ಬಂದವರ ಹಾಗೆ. "ಸರಿಯಾಗಿ ಉಗಿದೆ ಅವನಿಗೆ. ಏನ್ ಮಾತಾಡ್ಲಿಲ್ಲ ನೋಡು. ತಪ್ಪು ಮಾಡಿದವನು ಏನ್ ಮಾತಾಡ್ತಾನೆ?" ಎಂದರು. ನಾನು ಅವರ ತಟ್ಟೆಗೆ ಇನ್ನಷ್ಟು ಬಡಿಸಿದೆ. ತಪ್ಪು ಮಾಡಿದವಳು ನಾನೂ ಏನೂ ಮಾತಾಡಲಿಲ್ಲ.

ಎರಡು ದಿನ ಬಿಟ್ಟು ಮೀಸೆ ಮಾಮ ನಮ್ಮ ಅಂಗಡಿಗೆ ಬಂದರು. ಕನ್ನಡಕದ ಒಂದು ಕಡ್ಡಿ ಸಡಿಲವಾಗಿ ತೂಗಾಡುತ್ತಿತ್ತು. ನಾನು ಅದನ್ನು ತೆಗೆದುಕೊಂಡು ತಲೆ ಎತ್ತದೆ ಸ್ಕ್ರೂ ಹಾಕತೊಡಗಿದೆ. ಆ ಸ್ಕ್ರೂ ಎಳ್ಳಿಗಿಂತ ಚಿಕ್ಕದು; ಬೆರಳಿನಿಂದ ಜಾರಿ ಅದು ಮೇಜಿನ ಮೇಲೆ ಬಿತ್ತು. ಇಬ್ಬರೂ ಬಗ್ಗಿ ಹುಡುಕಿದೆವು. ಕನ್ನಡಕವಿಲ್ಲದೆ ಅವರಿಗೆ ಏನೂ ಕಾಣದು, ಆದರೂ ಅಂಗೈಯಿಂದ ಮೇಜು ಸವರುತ್ತಿದ್ದರು. ಹಾಗೆ ಸವರುತ್ತಲೇ ಅಂದರು, "ಅತ್ತಿಗೆ, ನೀವು ಆಫೀಸಿಗೆ ಬಂದಿದ್ರಲ್ಲ, ಆಗ ನಾನು ಪಕ್ಕದ ಕೋಣೇಲಿದ್ದೆ. ಗೋಪುರದ ಬೀಗದ ಕೈ ತಗೊಳ್ಳೋಕೆ ಬಂದಿದ್ದೆ."

ಎಷ್ಟು ಕೇಳಿಸಿತು ಎಂದು ಕೇಳುವ ಧೈರ್ಯವಾಗಲಿಲ್ಲ. ಎಲ್ಲವೂ ಕೇಳಿಸಿತ್ತು.

"ಅವನಿಗೆ ಹೇಳ್ಬೇಡಿ" ಎಂದರು. "ಸಿಟ್ಟು ನನ್ನ ಮೇಲೆ ಇದ್ರೆ ಇರ್ಲಿ ಬಿಡಿ, ನಾನು ನನ್ನ ಮನೇಲಿರ್ತೀನಿ. ನಿಮ್ಮ ಮೇಲೆ ಬಂದ್ರೆ ಅವನು ಯಾರ ಕೈಲಿ ಊಟ ಮಾಡ್ತಾನೆ?"

ಆಗಲಾದರೂ ನಾನು, ಬೇಡ, ಹೀಗಾಗಬಾರದು, ನಾನೇ ಹೋಗಿ ಹೇಳುತ್ತೇನೆ ಎನ್ನಬೇಕಿತ್ತು. ನಾನು ಅಂದದ್ದು "ಸರಿ". ಕನ್ನಡಕ ಒರೆಸಿ ಅವರ ಕೈಗಿಟ್ಟೆ. ಹಾಕಿಕೊಂಡು ನನ್ನ ಮುಖ ನೋಡಿದರು, ನಕ್ಕರು, ಹೋದರು. ಅವತ್ತಿನಿಂದ ಭಾನುವಾರ ನಮ್ಮ ಮನೆಯಲ್ಲಿ ಎಲೆ ಹಂಚಿಲ್ಲ.

ಡಾಕ್ಟರು ನೋಡಿದರು, ತಲೆಯ ಚಿತ್ರ ತೆಗೆದರು, ಗುಳಿಗೆ ಕೊಟ್ಟರು. ಇದು ನಿಧಾನವಾಗಿ ಹೆಚ್ಚುತ್ತದೆ, ಗಾಬರಿಯಾಗಬೇಡಿ, ಒಬ್ಬರನ್ನೇ ಹೊರಗೆ ಕಳಿಸಬೇಡಿ ಎಂದರು. ಅಪ್ಪ ಡಾಕ್ಟರನ್ನು ಮರೆತರು. ಆಸ್ಪತ್ರೆಗೆ ಹೋಗಿದ್ದನ್ನೂ ಮರೆತರು. ಮೀಸೆ ಮಾಮನ ಮೇಲಿನ ಸಿಟ್ಟನ್ನು ಮಾತ್ರ ಮರೆಯಲಿಲ್ಲ. ಬೆಳಿಗ್ಗೆ ಎದ್ದರೆ ಅದು ಅವರಿಗಿಂತ ಮೊದಲೇ ಎದ್ದು ಕೂತಿರುತ್ತದೆ.

ಈಗಲೂ ದಿನವೂ ಸ್ಮಾರಕಕ್ಕೆ ಹೋಗುತ್ತಾರೆ. ಅಂಗಡಿಗೆ ಬರುವ ದಾರಿಯಲ್ಲಿ ನಾನೇ ಬಿಟ್ಟು ಬರುತ್ತೇನೆ, ಊಟದ ಹೊತ್ತಿಗೆ ಹೋಗಿ ಕರೆತರುತ್ತೇನೆ. ಕೊಳದ ಎದುರಿನ ಬೆಂಚಿನ ಮೇಲೆ ಕೂತು, ಬಂದವರಿಗೆ ಕೇಳಿದ್ದು ಕೇಳದ್ದು ಎಲ್ಲ ಹೇಳುತ್ತಾರೆ. ಕಾವಲುಗಾರ ಒಂದು ಕಣ್ಣಿಟ್ಟಿರುತ್ತಾನೆ. ಇನ್ನೊಂದು ಕಣ್ಣು ಯಾರದು ಎಂದು ನೀನೇ ಊಹಿಸಬಲ್ಲೆ. ನಿನ್ನ ಮಾವನವರ ಚಿಕ್ಕಪ್ಪನ ಹೆಸರು ದೀಪದ ಪಕ್ಕದಲ್ಲಿದೆ ಎಂದು ಹುಡುಕಿ ನನಗೆ ಹೇಳಿಕಳಿಸಿದವರೂ ಮೀಸೆ ಮಾಮನೇ. ನೀವು ಬರುವುದು ಅವರಿಗೆ ಹೇಗೆ ಗೊತ್ತಾಯಿತು ಎಂದರೆ, ಅಪ್ಪ ಬೆಂಚಿನ ಮೇಲೆ ಕೂತು ಇಡೀ ಊರಿಗೆ ಸಾರಿದ್ದಾರಲ್ಲ.

ಆದ್ದರಿಂದ ಶನಿವಾರ ಹೀಗೆ ಮಾಡು. ಕೆಳಗಿನ ಮಂಟಪವನ್ನೆಲ್ಲ ಅಪ್ಪನೇ ತೋರಿಸಲಿ. ಅದು ಅವರ ನಾಲಿಗೆಯ ಮೇಲೆ ಇನ್ನೂ ಗಟ್ಟಿಯಾಗಿ ಕೂತಿದೆ, ನೀನು ನೋಡಿದರೆ ಏನೂ ಆಗಿಲ್ಲವೆಂದೇ ಅನ್ನಿಸಬಹುದು. ಇಸವಿ ಹೆಚ್ಚುಕಡಿಮೆ ಹೇಳಿಯಾರು, ಸೇನಾಪತಿಯನ್ನು ಎರಡು ಸಲ ಸಾಯಿಸಿಯಾರು. ತಿದ್ದಬೇಡಿ. ನಿನ್ನ ಮಾವನವರಿಗೆ ಫಲಕ ಓದುವ ಅಭ್ಯಾಸ. ಓದಿಕೊಳ್ಳಲಿ, ಬಾಯಿಬಿಟ್ಟು ಹೇಳದಿದ್ದರೆ ಸಾಕು. ಮೆಟ್ಟಿಲ ಬುಡಕ್ಕೆ ಬಂದಾಗ ಅಪ್ಪ ತಮ್ಮ ಹಳೆಯ ತಮಾಷೆ ಹೇಳುತ್ತಾರೆ, ಹತ್ತುವಾಗ ಎಲ್ಲರೂ ಗಂಡ ಹೆಂಡತಿ, ಇಳಿಯುವಾಗ ಯಾರೋ ಏನೋ ಎಂದು. ಎಲ್ಲರೂ ನಕ್ಕುಬಿಡಿ. ನಕ್ಕ ಮೇಲೆ ಅವರನ್ನು ಹತ್ತಲು ಬಿಡಬೇಡ. ನಿನ್ನ ಅತ್ತೆಯವರಿಗೆ ಮೊದಲೇ ಹೇಳಿಟ್ಟು, "ನಂಗೆ ಹತ್ತೋಕಾಗಲ್ಲ, ನೀವು ನನ್ನ ಜೊತೆ ಕೂತ್ಕೊಳ್ಳಿ" ಎಂದು ಅವರಿಂದಲೇ ಹೇಳಿಸು. ಬೀಗರ ಮಾತನ್ನು ಅಪ್ಪ ತಳ್ಳಿಹಾಕುವುದಿಲ್ಲ. ಪಾಪ, ಇನ್ನೊಬ್ಬರ ಕೈಯಲ್ಲೂ ಸುಳ್ಳು ಹೇಳಿಸುತ್ತಿದ್ದೇನೆ, ನೋಡು.

ಮೀಸೆ ಮಾಮ ಹಿಂದೆ ಎಲ್ಲೋ ಒಂದು ಕಂಬದ ಹತ್ತಿರ ಇರುತ್ತಾರೆ. ಅವರನ್ನು ಕಂಡರೆ ಅಪ್ಪ ಮುಖ ತಿರುಗಿಸುತ್ತಾರೆ. ನೀನು ತಿರುಗಿಸಬೇಡ. ಚಿಕ್ಕವಳಿದ್ದಾಗ ಅವರ ಹೆಗಲ ಮೇಲೆ ಕೂತೇ ಆ ಗೋಪುರದ ತುದಿಯನ್ನು ನೀನು ಮೊದಲ ಸಲ ನೋಡಿದ್ದು. ಹೋಗಿ ಮಾತಾಡಿಸು. ಅಪ್ಪ ಬೈದರೆ ಬೈಯಲಿ.

ಇನ್ನೊಂದು ಮಾತು. ಈ ಕಾಗದ ಶುರುಮಾಡಿದಾಗ ನನ್ನ ಮನಸ್ಸಿನಲ್ಲಿ ಬೇರೆ ಇತ್ತು. ನೀನು ಹೇಳಿದರೆ ಅಪ್ಪ ಕೇಳುತ್ತಾರೆ, ಅಮ್ಮ ಹೀಗೆ ಮಾಡಿದಳು ಎಂದು ನಿನ್ನ ಬಾಯಿಂದಲೇ ಹೇಳಿಸಿ, ನಾನು ಅಡುಗೆಮನೆಯಲ್ಲಿ ನಿಂತಿರಬಹುದು ಎಂದುಕೊಂಡಿದ್ದೆ. ಬರೆಯುತ್ತಾ ಬಂದ ಹಾಗೆ, ಮತ್ತೆ ಅದೇ ಕೆಲಸ ಮಾಡುತ್ತಿದ್ದೇನೆ ಎಂದು ತಿಳಿಯಿತು. ಮೊದಲು ಆ ಅಧಿಕಾರಿಯ ಹಿಂದೆ ಅವಿತೆ, ಆಮೇಲೆ ಮೀಸೆ ಮಾಮನ ಹಿಂದೆ, ಈಗ ಮಗಳ ಹಿಂದೆ. ಬೇಡ. ನೀನು ಏನೂ ಹೇಳಬೇಡ. ಇವತ್ತು ಸಂಜೆ ಅಂಗಡಿ ಮುಚ್ಚಿದ ಮೇಲೆ ನಾನೇ ಹೇಳುತ್ತೇನೆ.

ನಿಮಗೆ ಮುಂದಿನ ಕೋಣೆ ತೆರವು ಮಾಡಿಟ್ಟಿದ್ದೇನೆ. ಕಿಟಕಿಯಿಂದ ಗೋಪುರದ ತುದಿ ಕಾಣುತ್ತದೆ, ನಿನ್ನ ಮಾವನವರಿಗೆ ಇಷ್ಟವಾಗಬಹುದು. ಅಳಿಯಂದಿರನ್ನು ಕೇಳಿದೆನೆಂದು ತಿಳಿಸು. ಓದಿದ ಮೇಲೆ ನನ್ನ ಮೇಲೆ ಸಿಟ್ಟು ಬಂದರೆ ಶನಿವಾರಕ್ಕೆ ಮೊದಲೇ ಮುಗಿಸಿಕೊಂಡು ಬಾ, ಅಪ್ಪನ ಮುಂದೆ ಬೇಡ.

ನಿನ್ನವಳೇ ಆದ,
ಅಮ್ಮ

ಮರೆಯದೆ ಸೇರಿಸುತ್ತಿರುವುದು, ಗುರುವಾರ ಬೆಳಿಗ್ಗೆ:

ಕೊರಿಯರ್‌ನವನು ಬರುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ನಿನ್ನೆ ಹೇಳಿದೆ.

ಅಪ್ಪ ಬೂಟಿಗೆ ಪಾಲಿಶ್ ಹಾಕುತ್ತಾ ಕೂತಿದ್ದರು. ನಾನು ಎದುರಿಗೆ ನೆಲದ ಮೇಲೆ ಕೂತು, ಸುತ್ತುಬಳಸದೆ ಹೇಳಿದೆ. "ರೀ, ಆಫೀಸಿಗೆ ಹೋಗಿ ಹೇಳಿದ್ದು ಮೀಸೆ ಅಲ್ಲ. ನಾನು."

"ನೀನಾ?" ಎಂದರು. ಬ್ರಷ್ ನಿಂತಿತು. "ಯಾಕೆ?"

"ಮಕ್ಕಳು ಬಿದ್ದುಬಿಡ್ತಾರೇನೋ ಅಂತ ಭಯ ಆಯ್ತು. ನೀವೂ ಬಿದ್ದುಬಿಡ್ತೀರೇನೋ ಅಂತ."

ಬಹಳ ಹೊತ್ತು ಒಂದೇ ಬೂಟನ್ನು ತಿಕ್ಕಿದರು. ಬೈಯುತ್ತಾರೆ ಎಂದು ಕಾದೆ. "ಹಾಗಾದ್ರೆ ಅವನಿಗೆ ಏನೇನೋ ಅಂದ್ಬಿಟ್ನಲ್ಲೇ" ಎಂದರು. ಕಣ್ಣಲ್ಲಿ ನೀರಿತ್ತು. ಆಮೇಲೆ ಎದ್ದು ಕೋಟು ಹಾಕಿಕೊಂಡು, "ನಡಿ, ಈಗ್ಲೇ ಹೋಗೋಣ" ಎಂದರು.

ಹೊರಟೆವು. ಇನ್ನೂ ಬೆಳಕಿತ್ತು. ನನ್ನ ಕೈ ಹಿಡಿದುಕೊಂಡು, ನನಗಿಂತ ಮುಂದೆ ಮುಂದೆ ನಡೆದರು. "'ತಪ್ಪಾಯ್ತು ಕಣೋ' ಅಂತೀನಿ. ಅಷ್ಟು ಸಾಕಲ್ವಾ?" ಎಂದು ಕೇಳಿದರು. ಸಾಕು ಎಂದೆ. ಮತ್ತೆ ಸ್ವಲ್ಪ ದೂರ ಹೋಗಿ, "ಟೀ ಕುಡಿದೇ ಬರೋಣ, ಇಲ್ಲಾಂದ್ರೆ ಬೇಜಾರ್ ಮಾಡ್ಕೋತಾನೆ" ಎಂದರು. ನನ್ನ ಎದೆ ಮೇಲಿನ ಕಲ್ಲು ಇಳಿಯುತ್ತಾ ಬಂದಿತ್ತು.

ಬಟ್ಟೆ ಒಗೆಯುವ ಅಂಗಡಿಯ ತಿರುವಿನಲ್ಲಿ ಒಂದು ದೊಡ್ಡ ಲಾರಿ ಹಿಮ್ಮುಖವಾಗಿ ಬರುತ್ತಿತ್ತು. ಅದು ಹೋಗಲಿ ಎಂದು ಗೋಡೆಗೆ ಒತ್ತಿ ನಿಂತೆವು. ಲಾರಿ ಹೋಯಿತು. ಅಪ್ಪ ಹೆಜ್ಜೆ ಎತ್ತಲಿಲ್ಲ. "ಎಲ್ಲಿಗೆ ಹೊರಟಿದ್ದೀವಿ?" ಎಂದರು.

"ಮೀಸೆ ಮನೆಗೆ."

ಮುಖ ಕಲ್ಲಾಯಿತು. "ಅವನ ಮನೆಗಾ? ನನ್ನ ಹೊಟ್ಟೆ ಮೇಲೆ ಹೊಡೆದವನ ಮನೆಗೆ ನನ್ನನ್ನೇ ಕರ್ಕೊಂಡು ಹೋಗ್ತೀಯಾ?" ಎಂದು ನನ್ನ ಕೈ ಕೊಡವಿದರು. ನಾನು ಅಲ್ಲೇ ಬೀದಿಯಲ್ಲಿ, ಹೇಳಿದ್ದು ನಾನು, ನಾನು ಎಂದು ಮತ್ತೆ ಮತ್ತೆ ಹೇಳಿದೆ. ಅಂಗಡಿಯವರು ಇಣುಕಿ ನೋಡಿದರು. ಅಪ್ಪ ನನ್ನನ್ನು ಕನಿಕರದಿಂದ ನೋಡಿ, "ಅವನನ್ನ ಉಳಿಸೋಕೆ ನೀನ್ಯಾಕೆ ಸುಳ್ಳು ಹೇಳ್ತೀಯ?" ಎಂದರು. ತಿರುಗಿ ಮನೆಯ ಕಡೆ ಹೊರಟುಬಿಟ್ಟರು.

ಅವರನ್ನು ಕೆಳಗಿನ ಮನೆಯ ದರ್ಜಿಯ ಹತ್ತಿರ ಕೂರಿಸಿ, ನಾನೊಬ್ಬಳೇ ಮತ್ತೆ ಆ ಮನೆಗೆ ಹೊರಟೆ. ಮೀಸೆ ಮಾಮ ಬಾಗಿಲು ತೆರೆದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಗಲಾಚೆ ಬೀದಿಯನ್ನು ನೋಡಿದರು.

"ಅವನೂ ಬಂದಿದ್ದಾನಾ?"

"ನಿಮ್ಮ ಹತ್ರ ತಪ್ಪಾಯ್ತು ಅನ್ನೋಕೆ ಬರ್ತಿದ್ರು" ಎಂದೆ. "ತಿರುವಿನ ತನಕ ಬಂದಿದ್ರು."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾನು ಕ್ಷಮೆ ಕೇಳಲು ಬಂದವಳು ಎಂಬುದು ಅವರ ತಲೆಗೆ ಹೋದಂತೆ ಕಾಣಲಿಲ್ಲ.

"ಅಷ್ಟು ದೂರ ಬಂದ್ನಾ!" ಎಂದರು.